ಸ್ತ್ರೀಯರ ಮೇಲಣ ಹಿಂಸೆ ಮತ್ತು ಸಮಾನತೆಯ ನೀತಿ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗ್ರಾಮಪಂಚಾಯಿತಿಗಳಲ್ಲಿ, ರಾಜ್ಯದ ಇತರೆಡೆಗಳಂತೆಯೇ, ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದರೂ, ಸಭೆಯಲ್ಲಿ ಲಭಿಸಿದ ಆ ಸಮಾನತೆಯೊಂದೇ ಗೃಹದೊಳಗಣ ಪ್ರಹಾರವನ್ನು ತಡೆಯಲಾರದೆಂಬುದನ್ನು ಓದುಗರು ಮನಗಾಣತಕ್ಕದ್ದು.

ಅಂಕಿಅಂಶ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019–21) ಪ್ರಕಾರ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44.4 ಮಂದಿ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದವರು. ದೇಶದ ಪ್ರಮಾಣ ಶೇ. 29.3.

ಶಾಸನ: ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 (ಜಾರಿ: 26 ಅಕ್ಟೋಬರ್ 2006). ಅದರ 7ನೆಯ ಕಲಮಿನನ್ವಯ, ಗಾಯಗೊಂಡ ಸ್ತ್ರೀಯು ಕೋರಿದಲ್ಲಿ ವೈದ್ಯಕೀಯ ಸಂಸ್ಥೆಯು ಚಿಕಿತ್ಸೆ ನೀಡಲೇಬೇಕು.

ಮಹಿಳಾ ಸಹಾಯವಾಣಿ: 181.

ಸಾರಾಂಶ: ಶಾಸನ, ಶುಶ್ರೂಷೆ, ಸಮಾಜದ ಮನಃಪರಿವರ್ತನೆ, ಈ ಮೂರೂ ಏಕತ್ರ ಸಂಗಮಿಸಿದಲ್ಲಿ ಮಾತ್ರವೇ ಸಮಾನತೆಯ ನೀತಿಯು ಸಾರ್ಥಕವಾದೀತು.