ಅಂತರ್ಜಾಲ ಮಾರಾಟ: ಗ್ರಾಹಕರನ್ನು ಕೇಳಬೇಕಾದುದೆಷ್ಟು, ಬಿಡಬೇಕಾದುದೆಷ್ಟು?

ಬೀಳಗಿ ತಾಲೂಕಿನ ಅನಗವಾಡಿಯ ಗೃಹಿಣಿಯೊಬ್ಬರು ಅಂತರ್ಜಾಲದ ಅಂಗಡಿಯೊಂದರಿಂದ ಗುಳೇದಗುಡ್ಡದ ಎರಡು ಖಣಗಳನ್ನು ತರಿಸಿಕೊಳ್ಳಲು ಬಯಸಿದರೆಂದು ಇಟ್ಟುಕೊಳ್ಳಬಹುದು. ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಬರೆದಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಹುಟ್ಟಿದ ದಿನಾಂಕ ಬೇಕು, ಮದುವೆಯ ದಿನಾಂಕ ಬೇಕು, ಪತಿಯ ಉದ್ಯೋಗ ಮತ್ತು ಕುಟುಂಬದ ವಾರ್ಷಿಕ ಆದಾಯ ಬೇಕು, ಆಧಾರ್ ಸಂಖ್ಯೆ ಬೇಕು. ಕೊನೆಗೆ, ಮೊಬೈಲಿನಲ್ಲಿರುವ ಬಂಧುಬಳಗದವರ ಸಂಖ್ಯೆಗಳನ್ನೆಲ್ಲ ಓದಲು ಅನುಮತಿಯೂ ಬೇಕು. ಚುಕ್ಕೆ ಗುರುತಿನ ಮನೆಗಳನ್ನು ತುಂಬದ ಹೊರತು ಹಣ ಪಾವತಿಯ ಗುಂಡಿ ತೆರೆಯುವುದಿಲ್ಲ.

ಇಂಥ ಸಂದರ್ಭದಲ್ಲಿ ಗ್ರಾಹಕರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಒಂದೋ ಖರೀದಿಯನ್ನೇ ಕೈಬಿಡುತ್ತಾರೆ, ಇಲ್ಲವೇ ಬಾಯಿಗೆ ಬಂದ ಸುಳ್ಳು ದಿನಾಂಕ, ಸುಳ್ಳು ಆದಾಯ ಬರೆದು ಮುಂದೆ ಸಾಗುತ್ತಾರೆ. ಮೊದಲನೆಯದರಲ್ಲಿ ವ್ಯಾಪಾರ ಹೋಯಿತು. ಎರಡನೆಯದರಲ್ಲಿ ವರ್ತಕರ ಗಣಕಯಂತ್ರದಲ್ಲಿ ಕಸ ತುಂಬಿತು. ಉಳಿದವರು ಮಾತ್ರ ನಿಜವನ್ನೇ ಬರೆದು, ಮುಂದಿನ ದಿನಗಳಲ್ಲಿ ಗುರುತಿಲ್ಲದವರ ಕರೆಗಳಿಗೆ ಉತ್ತರಿಸುತ್ತ ಕೂರಬೇಕಾಗುತ್ತದೆ.

ಜಮಖಂಡಿ, ಮುಧೋಳ, ಬನಹಟ್ಟಿ ಪೇಟೆಗಳ ಹಳೆಯ ಉದ್ರಿ ಪುಸ್ತಕದಲ್ಲಿ ಗಿರಾಕಿಯ ಹೆಸರು, ಊರು ಮತ್ತು ಬಾಕಿ ಮೊತ್ತಕ್ಕಿಂತ ಹೆಚ್ಚಿನದೇನೂ ಇರುತ್ತಿರಲಿಲ್ಲ. ಗಿರಾಕಿಯ ಮನೆತನದ ಸಂಗತಿಗಳೆಲ್ಲ ಅಂಗಡಿಕಾರರಿಗೆ ಗೊತ್ತಿರುತ್ತಿದ್ದವು, ನಿಜ. ಯಾರ ಮನೆಯಲ್ಲಿ ಎಷ್ಟು ಸಾಲವೆಂಬುದು ಕಟ್ಟೆಯ ಮೇಲಿನ ಮಾತಿಗೂ ವಸ್ತುವಾಗುತ್ತಿತ್ತು. ಆ ಕಾಲವನ್ನು ಹೊಗಳಬೇಕಾದ ಅಗತ್ಯವಿಲ್ಲ. ಆದರೆ ಆ ಮಾತು ಊರಿನ ಸೀಮೆ ದಾಟುತ್ತಿರಲಿಲ್ಲ, ಆ ಪುಸ್ತಕವನ್ನು ಒಂದು ಕ್ಷಣದಲ್ಲಿ ನಕಲು ಮಾಡಿ ದೂರದೇಶದಲ್ಲಿ ಮಾರಲು ಸಾಧ್ಯವಿರಲಿಲ್ಲ.

ಈಗ ಅದು ಸಾಧ್ಯವೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ದಿನಸಿ ಮತ್ತು ತರಕಾರಿಯನ್ನು ಮನೆಗೆ ತಲುಪಿಸುವ ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಮಾರಾಟಕ್ಕಿವೆಯೆಂದು 2020ರ ನವೆಂಬರ್‌ನಲ್ಲಿ ಸೈಬಲ್ ಎಂಬ ಸೈಬರ್ ಭದ್ರತಾ ಸಂಸ್ಥೆ ಬಹಿರಂಗಪಡಿಸಿತು. ಕೇಳಿದ್ದ ಬೆಲೆ ಸುಮಾರು 30 ಲಕ್ಷ ರೂಪಾಯಿ. ಅಂದರೆ ಒಬ್ಬ ಗ್ರಾಹಕರ ಪಾಲಿಗೆ ಹದಿನೈದು ಪೈಸೆ. ಬಿಗ್‌ಬಾಸ್ಕೆಟ್ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತು. ಕಾರ್ಡ್ ಸಂಖ್ಯೆಗಳಂಥ ಹಣಕಾಸಿನ ವಿವರಗಳನ್ನು ತಾನು ಇಟ್ಟುಕೊಳ್ಳುವುದಿಲ್ಲವೆಂದೂ ತಿಳಿಸಿತು. ಹೊರಬಿದ್ದವೆಂದು ಹೇಳಲಾದ ಪಟ್ಟಿಯಲ್ಲಿ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳ ಜೊತೆಗೆ ಹುಟ್ಟಿದ ದಿನಾಂಕವೂ ಇತ್ತು. ಇಟ್ಟುಕೊಳ್ಳದ ಕಾರ್ಡ್ ಸಂಖ್ಯೆ ಕಳುವಾಗಲಿಲ್ಲ, ಇಟ್ಟುಕೊಂಡ ಹುಟ್ಟುಹಬ್ಬ ಕಳುವಾಯಿತು. ಈ ಪ್ರಕರಣದಿಂದ ಸಣ್ಣ ವರ್ತಕರು ಕಲಿಯಬೇಕಾದುದು ಇಷ್ಟೇ, ಆದರೆ ಇದು ಸಣ್ಣದಲ್ಲ.

ಕಾನೂನಿನ ಸ್ಥಿತಿ

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 24-8-2017ರಂದು ಸಾರಿತು. ಆ ಮೊಕದ್ದಮೆಗೆ ಹೆಸರು ಬಂದುದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಅರ್ಜಿ ಸಲ್ಲಿಸಿದ್ದು 2012ರಲ್ಲಿ. ಈ ತೀರ್ಪಿನ ನಂತರ ರೂಪುಗೊಂಡುದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ವ್ಯಾಪಾರಿಗಳಿಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಪ್ರಕಟಣೆಯಿಂದ 18 ತಿಂಗಳ ನಂತರ ಜಾರಿಯಾಗುವಂತೆ ನಿಗದಿಪಡಿಸಲಾಯಿತು.

ಈ ಅಧಿನಿಯಮದ ತಿರುಳು ಸರಳವಾಗಿದೆ. ಯಾವ ಉದ್ದೇಶಕ್ಕೆ ವಿವರ ಕೇಳಲಾಗುತ್ತಿದೆಯೆಂಬುದನ್ನು ಮುಂಚಿತವಾಗಿ ತಿಳಿಸಬೇಕು. ಆ ಉದ್ದೇಶಕ್ಕೆ ಅವಶ್ಯವಾದಷ್ಟಕ್ಕೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ. ಅಧಿನಿಯಮವೇ ಒಂದು ಉದಾಹರಣೆ ನೀಡುತ್ತದೆ: ದೂರವಾಣಿ ಮೂಲಕ ವೈದ್ಯಕೀಯ ಸೇವೆ ನೀಡುವ ತಂತ್ರಾಂಶವು ರೋಗಿಯ ಮೊಬೈಲಿನ ಸಂಪರ್ಕ ಪಟ್ಟಿಯನ್ನೂ ಕೇಳಿ, ಆಕೆ ಒಪ್ಪಿದರೂ, ಚಿಕಿತ್ಸೆಗೆ ಬೇಡವಾದ ಆ ಪಟ್ಟಿಗೆ ಒಪ್ಪಿಗೆ ತಗಲುವುದಿಲ್ಲ. ‘ಗ್ರಾಹಕರೇ ಒಪ್ಪಿ ಗುಂಡಿ ಒತ್ತಿದ್ದಾರೆ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲದು. ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದಲು ಅವಕಾಶವಿರಬೇಕಾದುದರಿಂದ ಕನ್ನಡದಲ್ಲಿ ಅದನ್ನು ಕೇಳುವುದು ಗ್ರಾಹಕರ ಹಕ್ಕು. ಸೂಕ್ತ ಭದ್ರತೆ ಒದಗಿಸದೆ ವಿವರ ಸೋರಿಹೋದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಅಷ್ಟು ದೊಡ್ಡ ದಂಡ ಸಣ್ಣ ಮಗ್ಗದ ಮಾಲೀಕರ ಮೇಲೆ ಬೀಳುವುದು ದೂರದ ಮಾತಾದರೂ, ಹೊಣೆಯು ಅವರಿಗಿಲ್ಲವೆಂದು ಭಾವಿಸುವಂತಿಲ್ಲ. ಕೇವಲ ಕಾಗದದ ಮೇಲಿರುವ ಪುಸ್ತಕ ಈ ಅಧಿನಿಯಮಕ್ಕೆ ಒಳಪಡುವುದಿಲ್ಲ. ಅದನ್ನು ಗಣಕಯಂತ್ರಕ್ಕೆ ಏರಿಸಿದೊಡನೆ ಒಳಪಡುತ್ತದೆ.

ಇದಲ್ಲದೆ, 30-11-2023ರಂದು ಅಧಿಸೂಚಿತವಾದ ‘ಡಾರ್ಕ್ ಪ್ಯಾಟರ್ನ್’ ತಡೆ ಮಾರ್ಗಸೂಚಿಯು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಗಳನ್ನು ಹೆಸರಿಸಿದೆ. ಖರೀದಿಗೆ ಬೇಡವಾದ, ಆಧಾರ್‌ಗೆ ಅಥವಾ ಕ್ರೆಡಿಟ್ ಕಾರ್ಡ್‌ಗೆ ಸೇರಿದ ವಿವರವನ್ನು ಒತ್ತಾಯದಿಂದ ಪಡೆಯುವುದು ಅವುಗಳಲ್ಲಿ ‘ಬಲವಂತದ ಕ್ರಮ’ಕ್ಕೆ ಸೇರುತ್ತದೆ. ಬಿಲ್ಲು ಕೊಡಲು ಮೊಬೈಲ್ ಸಂಖ್ಯೆಯನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿಯೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿತ್ತು.

ನಿಜವಾಗಿ ಬೇಕಾದುದು

ಬನಹಟ್ಟಿಯ ಸೀರೆಯನ್ನು ಹಳ್ಳಿಯೊಂದಕ್ಕೆ ಕಳುಹಿಸಲು ಹೆಸರು, ಊರು, ತಾಲೂಕು, ಪಿನ್ ಕೋಡ್ ಬೇಕು. ಹಳ್ಳಿಗಳಲ್ಲಿ ಮನೆ ಸಂಖ್ಯೆಗಿಂತ ‘ಹನುಮಂತದೇವರ ಗುಡಿಯ ಹಿಂದೆ’ ಎಂಬ ಗುರುತೇ ಹೆಚ್ಚು ಉಪಯುಕ್ತ. ಎಷ್ಟೋ ನಮೂನೆಗಳು ಆದಾಯ ಕೇಳಲು ಜಾಗ ಬಿಟ್ಟಿರುತ್ತವೆ, ಈ ಗುರುತು ಬರೆಯಲು ಬಿಟ್ಟಿರುವುದಿಲ್ಲ. ಮಾಲು ತಲುಪಿಸುವವರಿಗಾಗಿ ಒಂದು ಮೊಬೈಲ್ ಸಂಖ್ಯೆ ಬೇಕು. ಅದು ಮಗನದೋ ನೆರೆಯವರದೋ ಆಗಿರಬಹುದು. ಆ ಸಂಖ್ಯೆಯನ್ನು ಮುಂದೆ ಜಾಹೀರಾತಿಗೆ ಬಳಸಬೇಕೆಂದಿದ್ದರೆ ಪ್ರತ್ಯೇಕವಾಗಿ ಕೇಳುವುದು ಯೋಗ್ಯ, ಮೊದಲೇ ಗುರುತು ಹಾಕಿದ ಮನೆಯನ್ನು ತೋರಿಸುವುದು ಸಲ್ಲದು.

ತೆರಿಗೆಗಾಗಿ ಎಲ್ಲ ವಿವರ ಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಜಿ.ಎಸ್.ಟಿ. ನೋಂದಣಿ ಇಲ್ಲದ ಗ್ರಾಹಕರಿಗೆ ಸರಕು ಮಾರಿದಾಗ, ಮೊತ್ತವು 50,000 ರೂಪಾಯಿ ಅಥವಾ ಹೆಚ್ಚಿದ್ದರೆ ಬಿಲ್ಲಿನಲ್ಲಿ ಹೆಸರು, ವಿಳಾಸ ಕಡ್ಡಾಯ; ಅದಕ್ಕಿಂತ ಕಡಿಮೆಯಿದ್ದರೆ ಗ್ರಾಹಕರು ಕೋರಿದಾಗ ಬರೆಯಬೇಕು. ಹುಟ್ಟಿದ ದಿನಾಂಕವನ್ನು ಯಾವ ಬಿಲ್ಲೂ ಕೇಳುವುದಿಲ್ಲ. ಕಾರ್ಡ್ ಸಂಖ್ಯೆಯನ್ನಂತೂ 1-10-2022ರಿಂದ ವರ್ತಕರು ಸಂಗ್ರಹಿಸಿಡುವಂತೆಯೇ ಇಲ್ಲ. ಅದು ರಿಸರ್ವ್ ಬ್ಯಾಂಕಿನ ನಿರ್ದೇಶನ.

ಇನ್ನೊಂದು ಸೂಕ್ಷ್ಮ ಸಂಗತಿಯುಂಟು. ಖಣವನ್ನು ಕುಪ್ಪಸವಾಗಿ ಹೊಲಿದು ಕಳುಹಿಸುವವರಿಗೆ ಮಹಿಳೆಯರ ಅಳತೆ ಬೇಕೇ ಬೇಕು. ಅದು ಅತಿ ಖಾಸಗಿ ವಿವರವಾದರೂ ಅನವಶ್ಯವಲ್ಲ. ಆದರೆ ಹೆಸರು, ದೂರವಾಣಿ ಸಂಖ್ಯೆ ಸಮೇತ ಆ ಅಳತೆಯ ಚೀಟಿಯು ಹೊಲಿಗೆಯವರ ಮೊಬೈಲಿನಲ್ಲಿ ವರ್ಷಗಟ್ಟಲೆ ಉಳಿಯುವುದು ಅನವಶ್ಯ. ಹೊಲಿಗೆಯವರಿಗೆ ಆರ್ಡರ್ ಸಂಖ್ಯೆ ಮತ್ತು ಅಳತೆ ಸಾಕು. ಬಿಲ್ಲುಗಳನ್ನು ತೆರಿಗೆ ಕಾನೂನಿನಂತೆ ವಾರ್ಷಿಕ ವಿವರಣೆಯ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಅಳತೆಯ ಚೀಟಿಗೆ ಅಂಥ ಅವಧಿಯಿಲ್ಲ.

ವರ್ತಕರು ಸ್ವತಃ ಗ್ರಾಹಕರಾಗುವ ಸಂದರ್ಭವೂ ಇದೆ. ವಿದ್ಯುತ್ ಮಗ್ಗದ ಬಿಡಿಭಾಗ ತರಿಸುವಾಗ ಜಿ.ಎಸ್.ಟಿ. ಸಂಖ್ಯೆ ಕೊಡುವುದು ಸಹಜ; ಮಾಲೀಕರ ಆಧಾರ್ ಪ್ರತಿಯನ್ನು ಕೇಳಿದರೆ ಏತಕ್ಕೆಂದು ಬರವಣಿಗೆಯಲ್ಲಿ ಕೇಳಬೇಕು. ಒತ್ತಾಯ ಮುಂದುವರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಜಾಲತಾಣವಿಲ್ಲದೆ ವಾಟ್ಸಾಪ್‌ನಲ್ಲಿಯೇ ಸೀರೆಗಳ ಚಿತ್ರ ಕಳುಹಿಸಿ ಮಾರುವವರಿಗೂ ಈ ವಿಷಯ ಅನ್ವಯಿಸುತ್ತದೆ. ಗ್ರಾಹಕರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದರೆ ಪ್ರತಿಯೊಬ್ಬರ ಸಂಖ್ಯೆಯೂ ಉಳಿದೆಲ್ಲರಿಗೆ ಕಾಣುತ್ತದೆ. ಅದರ ಬದಲು ಅದೇ ತಂತ್ರಾಂಶದ ‘ಬ್ರಾಡ್‌ಕಾಸ್ಟ್’ ಪಟ್ಟಿಯನ್ನು ಬಳಸಿದರೆ ಸಂದೇಶವು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ತಲುಪುತ್ತದೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ವರ್ತಕರ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡ ಗ್ರಾಹಕರಿಗೆ ಮಾತ್ರ ಈ ಸಂದೇಶ ಮುಟ್ಟುತ್ತದೆಯೆಂಬುದನ್ನು ಗಮನದಲ್ಲಿಡಬೇಕು.