ಬಾಗಿಲು ಹಾಕಿದ ಮನೆಯ ಕ್ರಿಸ್ಮಸ್

ಲೂಕನ ಸುವಾರ್ತೆ 1ನೇ ಅಧ್ಯಾಯ ತೆಗೀರಿ. ಒಟ್ಟು 80 ವಚನ ಇದೆ. ಹೆದರಬೇಡಿ, ಪೂರ್ತಿ ಓದಲ್ಲ.

ಈ ತಿಂಗಳು ನಮ್ಮ ಸಭೆಯ ಕೆಲವು ಜೋಡಿಗಳು ಒಂದೇ ಪ್ರಶ್ನೆ ತಂದರು. "ಪಾಸ್ಟರ್, ಈ ಸಲ ಕ್ರಿಸ್ಮಸ್ ರಜೆಗೆ ಊರಿಗೆ ಹೋಗದೆ, ಯಾರನ್ನೂ ಕರೆಯದೆ, ನಾವಿಬ್ಬರೇ ಮನೇಲಿ ಇದ್ದುಬಿಟ್ಟರೆ ತಪ್ಪಾ?" ಕೆಲವರಿಗೆ ಬರೀ ದಣಿವು. ನೈಟ್ ಶಿಫ್ಟು, ಟ್ರಾಫಿಕ್ಕು, ಅದರ ಮೇಲೆ ನಮ್ಮ ಕ್ಯಾರಲ್ಸ್ ರೌಂಡು. ಇನ್ನು ಕೆಲವರ ಕಾರಣ ಬೇರೆ. ಊರಲ್ಲಿ ಕಜ್ಜಾಯದ ತಟ್ಟೆ ಕೈಗೆ ಬರೋದಕ್ಕೆ ಮುಂಚೆ ಪ್ರಶ್ನೆ ಬರುತ್ತೆ: "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎರಡು ತಿಂಗಳ ಹಿಂದೆ ಗರ್ಭ ಕಳಕೊಂಡ ಒಬ್ಬ ತಂಗಿ ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕು?

(ಡಿಸೆಂಬರ್ 25 ಆಚರಿಸಬೇಕಾ ಬೇಡವಾ ಅನ್ನೋ ವಾದ ನಮ್ಮ ಪೆಂತೆಕೋಸ್ತು ಸಭೆಗಳಲ್ಲಿ ಹಳೇದು. ಇವತ್ತು ಅದಕ್ಕೆ ಕೈ ಹಾಕಲ್ಲ.)

ಲೂಕನು ಯೇಸುವಿನ ಜನನದ ಕಥೆ ಎಲ್ಲಿಂದ ಶುರು ಮಾಡ್ತಾನೆ ನೋಡಿ. ಬೇತ್ಲೆಹೇಮಿನಿಂದ ಅಲ್ಲ, ಕುರುಬರಿಂದಲೂ ಅಲ್ಲ. ಮಕ್ಕಳಿಲ್ಲದ ಒಂದು ವಯಸ್ಸಾದ ಜೋಡಿಯಿಂದ. ಗಂಡ ಜಕರೀಯ, ದೇವಾಲಯದ ಯಾಜಕ. ಹೆಂಡತಿ ಎಲಿಸಬೇತ್. ಮನೆ ಯೂದಾಯದ ಬೆಟ್ಟದ ಸೀಮೆಯಲ್ಲಿ. 6ನೇ ವಚನ ಗಮನಿಸಿ: ಇವರಿಬ್ಬರೂ ದೇವರ ದೃಷ್ಟಿಯಲ್ಲಿ ನೀತಿವಂತರು ಅಂತ ಮೊದಲು ಬರುತ್ತೆ. ಮಕ್ಕಳಿರಲಿಲ್ಲ ಅನ್ನೋದು ಆಮೇಲೆ, 7ನೇ ವಚನದಲ್ಲಿ. ಕೊರತೆಗೂ ಪಾಪಕ್ಕೂ ಗಂಟು ಹಾಕುವ ನಮ್ಮ ಬಾಯಿಗಳನ್ನು ಲೂಕನು ಅಲ್ಲೇ ಮುಚ್ಚಿಸ್ತಾನೆ.

ಜಕರೀಯನು ಧೂಪ ಹಾಕಲು ಒಳಗೆ ಹೋದಾಗ ದೂತ ಗಬ್ರಿಯೇಲ ಬರ್ತಾನೆ. ಜಕರೀಯನು ನಂಬಲಿಲ್ಲ, ಮಾತು ನಿಂತುಹೋಯಿತು. ಅದು ಶಿಕ್ಷೆಯೇ, ಅಲ್ಲ ಅನ್ನಲ್ಲ. ಸೇವೆಯ ದಿನ ಮುಗಿಸಿ ಮೂಕನಾಗಿ ಮನೆಗೆ ಬಂದ. ಎಲಿಸಬೇತಳು ಗರ್ಭಿಣಿಯಾದಳು, 24ನೇ ವಚನದ ಪ್ರಕಾರ ಐದು ತಿಂಗಳು ಯಾರ ಕಣ್ಣಿಗೂ ಬೀಳದೆ ಮನೆಯಲ್ಲೇ ಇದ್ದಳು. ಸ್ವಲ್ಪ ಊಹಿಸಿಕೊಳ್ಳಿ. ಗಂಡನಿಗೆ ಮಾತಿಲ್ಲ, ಹೆಂಡತಿ ಹೊರಗೆ ಬರ್ತಿಲ್ಲ. ಅಕ್ಕಪಕ್ಕದವರು ಏನು ಅಂದುಕೊಂಡಿರಬಹುದು? ಇವರು ಹಿಂಜಾರಿದ್ದಾರೆ, ಮನೇಲಿ ಏನೋ ಸರಿ ಇಲ್ಲ, ಇಷ್ಟೇ ತಾನೇ ನಾವೂ ಅನ್ನೋದು?

ಈಗ 41ನೇ ವಚನ. ಎಲಿಸಬೇತಳು ಪವಿತ್ರಾತ್ಮಭರಿತಳಾದಳು. 67ನೇ ವಚನ, ಜಕರೀಯನು ಪವಿತ್ರಾತ್ಮಭರಿತನಾದನು. 15ನೇ ವಚನದಲ್ಲಿ, ಹುಟ್ಟಲಿರುವ ಮಗುವಿಗೂ ಅದೇ ಮಾತು. ಗಂಡ, ಹೆಂಡತಿ, ಮಗು, ಮೂರಕ್ಕೆ ಮೂರೂ! ಪೆಂತೆಕೋಸ್ತಿಗೆ ಎಷ್ಟೋ ವರ್ಷ ಮುಂಚೆ, ಕೀಬೋರ್ಡ್ ಇಲ್ಲದ, ಸೌಂಡ್ ಸಿಸ್ಟಮ್ ಇಲ್ಲದ ಮನೆ. ಹಲ್ಲೆಲೂಯ! ಶಬ್ದ ಕಡಿಮೆ ಆದರೆ ಆತ್ಮನೂ ಕಡಿಮೆ ಆದ ಅಂತ ನಮ್ಮಲ್ಲಿ ಒಂದು ಭಯ ಇದೆ. ಆ ಭಯ ವಾಕ್ಯದಿಂದ ಬಂದಿದ್ದಲ್ಲ.

ಹಾಗಾದರೆ ಇಬ್ಬರೇ ಮನೇಲಿರಿ. ಆದರೆ ಮೌನದಲ್ಲೂ ಎರಡು ಥರ ಇದೆ. ಸೋಫಾದ ಆ ಕಡೆ ಒಬ್ಬರು ರೀಲ್ಸ್, ಈ ಕಡೆ ಒಬ್ಬರು ಆಫೀಸ್ ಮೇಲ್, ನಡುವೆ ತಣ್ಣಗಾದ ಬಿರಿಯಾನಿ. ಅದು ಎಲಿಸಬೇತಳ ಮನೆ ಅಲ್ಲ. 25ಕ್ಕೆ ಆರಾಧನೆ ಮುಗಿಸಿ ಮನೆಗೆ ಹೋಗಿ, ಎರಡೂ ಫೋನ್ ಸಂಜೆವರೆಗೆ ಬೀರುವಿನಲ್ಲಿ ಇಡಿ. ಈ ಅಧ್ಯಾಯವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳಿ. ಜಕರೀಯನ ಹತ್ರ ಬರೆಯೋ ಹಲಗೆ ಇತ್ತು, ನೆನಪಿದೆಯಾ? ನೀವೂ ಒಂದು ಹಾಳೆ ತಗೊಳ್ಳಿ. ಈ ವರ್ಷ ಬಾಯಲ್ಲಿ ಹೇಳೋಕೆ ಆಗದ ಒಂದು ಮಾತು ಬರೆದು ಕೊಡಿ. ಓದಿದವರು ತಕ್ಷಣ ಉತ್ತರ ಕೊಡಬೇಡಿ, ವಾದ ಮಾಡಬೇಡಿ. ಸಹೋದರರೇ, ಇದು ವಿಶೇಷವಾಗಿ ನಿಮಗೆ.

ಅಮ್ಮನಿಗೆ "ರಜೆ ಸಿಗಲಿಲ್ಲ" ಅಂತ ಸುಳ್ಳು ಹೇಳಬೇಡಿ. "ಅಮ್ಮಾ, ಈ ಸಲ ಮನಸ್ಸಿಗೆ ಕಷ್ಟ ಇದೆ, ಹೊಸ ವರ್ಷ ಆದಮೇಲೆ ಬರ್ತೀವಿ" ಅನ್ನಿ. ಬೇಜಾರಾಗ್ತಾರೆ, ಆಗಲಿ. ಸುಳ್ಳು ಗೊತ್ತಾದಾಗ ಆಗೋ ಬೇಜಾರು ಇದಕ್ಕಿಂತ ದೊಡ್ಡದು.

ಬಾಗಿಲು ಹಾಕಿ, ಚಿಲಕ ಹಾಕಬೇಡಿ. ಆರನೇ ತಿಂಗಳಲ್ಲಿ ನಜರೇತಿನಿಂದ ಮರಿಯಳು ಬಂದಾಗ ಎಲಿಸಬೇತಳು "ನಾವು ಈಗ ಯಾರನ್ನೂ ಭೇಟಿ ಮಾಡ್ತಿಲ್ಲ" ಅನ್ನಲಿಲ್ಲ. ಮೂರು ತಿಂಗಳು ಇಟ್ಟುಕೊಂಡಳು! ನಿಮ್ಮ ಬೀದಿಯ ಪಿ.ಜಿ.ಯಲ್ಲಿ ಮಿಜೋರಾಮಿನ ಹುಡುಗಿ ಒಬ್ಬಳೇ ಇರಬಹುದು. ಡ್ಯೂಟಿ ಮುಗಿಸಿ ಬಂದ ನರ್ಸ್ ಇರಬಹುದು. ಒಂದು ತಟ್ಟೆ ಹೆಚ್ಚಿಗೆ ಇಡಿ, ಸಾಕು.

ಒಂದು ಮಾತು ಮಾತ್ರ ನಾನು ಈ ವೇದಿಕೆಯಿಂದ ಹೇಳಲ್ಲ. "ಮುಂದಿನ ಕ್ರಿಸ್ಮಸ್‌ಗೆ ನಿಮ್ಮ ಮಡಿಲಲ್ಲಿ ಮಗು" ಅಂತ ಹೇಳಲ್ಲ. ಕೆಲವರು ಅದನ್ನೇ ಕಾಯ್ತಾ ಕೂತಿದ್ದೀರಿ, ನನಗೆ ಗೊತ್ತು. ಕರ್ತನು ನನಗೆ ತೋರಿಸದೇ ಇದ್ದದ್ದನ್ನು ಆತನ ಹೆಸರಿನಲ್ಲಿ ಹೇಳೋಕೆ ನನಗೆ ಅಧಿಕಾರ ಇಲ್ಲ. ನಿಮಗೋಸ್ಕರ ಬೇಡ್ತೀನಿ, ಬೇಡ್ತಾ ಇರ್ತೀನಿ. ಹಿರಿಯ ಅಮ್ಮಂದಿರೇ, ಅಯ್ಯನವರೇ, ಆ "ವಿಶೇಷ"ದ ಪ್ರಶ್ನೆ ಈ ವರ್ಷಕ್ಕೆ ಸಾಕು ಮಾಡೋಣ.

ಈಗ ಜೋಡಿಗಳು ಕೈ ಹಿಡ್ಕೊಳ್ಳಿ. ಒಬ್ಬರೇ ಬಂದವರು ಕಣ್ಣು ಮುಚ್ಚಿ ಕೂತ್ಕೊಳ್ಳಿ. ಬ್ರದರ್, ಕೀಬೋರ್ಡ್ ಬೇಡ. ಎರಡು ನಿಮಿಷ ನಾನೂ ಮೈಕ್ ಆಫ್ ಮಾಡ್ತೀನಿ.