ಬೀಜದ ಹೋರಿ ಆರಿಸುವ ಮುನ್ನ ಅದರ ತಾಯಿಯನ್ನು ನೋಡಿ

ಘಾಟಿ ಸುಬ್ರಹ್ಮಣ್ಯದಲ್ಲೋ ಸಿದ್ಧಗಂಗೆಯಲ್ಲೋ ದನದ ಜಾತ್ರೆ ಕೂಡಿದಾಗ ಒಳ್ಳೆಯ ಹಳ್ಳಿಕಾರ್ ಜೋಡಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ. ಸಾಕಿದವರಿಗೆ ಅದು ನ್ಯಾಯವಾದ ಪ್ರತಿಫಲವೇ. ಆದರೆ ತಳಿಗೆ ಇದರಿಂದ ಆಗುತ್ತಿರುವ ನಷ್ಟ ನಮ್ಮ ಗಮನಕ್ಕೆ ಬಂದಿಲ್ಲ. ಊರಿನಲ್ಲಿ ಹುಟ್ಟಿದ ಹೋರಿಗರುಗಳಲ್ಲಿ ಎತ್ತರವಾಗಿ, ನೆಟ್ಟಗೆ ಬೆಳೆದದ್ದಕ್ಕೆ ಜೋಡಿ ಹುಡುಕಿ, ಬೀಜ ಒಡೆಸಿ, ಎತ್ತು ಮಾಡಿ ಮಾರುತ್ತೇವೆ. ಜೋಡಿ ಸಿಗದೆ, ಗಿರಾಕಿ ಬಾರದೆ ಉಳಿದದ್ದು ಊರ ಹಸುಗಳ ಮೇಲೆ ಹಾರುತ್ತದೆ. ಒಂದು ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಕೊಟ್ಟೀತು. ಒಂದು ಹೋರಿ ಅದೇ ವರ್ಷದಲ್ಲಿ ನಲವತ್ತು ಐವತ್ತು ಕರುಗಳಿಗೆ ಅಪ್ಪನಾಗಬಲ್ಲದು. ಹಾಗಿದ್ದೂ ಅತ್ಯುತ್ತಮವಾದದ್ದನ್ನೇ ಹುಡುಕಿ ಹುಡುಕಿ ವಂಶದಿಂದ ಹೊರಗಿಡುತ್ತಿದ್ದೇವೆ.

ಹಳ್ಳಿಕಾರ್ ಮೈಲಕ್ಷಣ ನಿಮಗೆ ಗೊತ್ತೇ ಇದೆ: ಬೂದು ಬಣ್ಣ, ನಡುವೆ ಗೀರಿದ್ದು ಉಬ್ಬಿದ ಹಣೆ, ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗುವ ಕೊಂಬು, ಕಪ್ಪು ಗೊರಸು, ತೆಳುವಾದ ಗಂಗೆದೊಗಲು. ತಳಿ ಶುದ್ಧವೇ ಎಂದು ತಿಳಿಯಲು ಇಷ್ಟು ಸಾಕು. ಆದರೆ ಶುದ್ಧವಾದ ಹೋರಿಯೆಲ್ಲ ಬೀಜಕ್ಕೆ ಯೋಗ್ಯವಲ್ಲ. ಜಾತ್ರೆಯಲ್ಲಿ ಸುಳಿ ನೋಡಿ ಬೆಲೆ ಏರಿಸುವುದು, ಇಳಿಸುವುದು ನಡೆದು ಬಂದ ಪದ್ಧತಿ. ಮಾರುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದೀತು. ಬೀಜಕ್ಕೆ ಆರಿಸುವಾಗ ಮಾತ್ರ ಅದಕ್ಕೆ ಕೊನೆಯ ಸ್ಥಾನ ಕೊಡಿ.

ಮೊದಲು ಹೋರಿಯ ತಾಯಿ ಕಟ್ಟಿರುವ ಕೊಟ್ಟಿಗೆಗೆ ಹೋಗಿ. ಎಷ್ಟು ಸೂಲು ಆಗಿದೆ, ಒಂದು ಸೂಲಿಗೂ ಇನ್ನೊಂದಕ್ಕೂ ಎಷ್ಟು ತಿಂಗಳ ಅಂತರ, ಕರುಗಳೆಲ್ಲ ಬದುಕಿವೆಯೇ, ಈಯುವಾಗ ಕೈ ಹಾಕಬೇಕಾಯಿತೇ ಎಂದು ವಿಚಾರಿಸಿ. ಹದಿನಾಲ್ಕು ಹದಿನೈದು ತಿಂಗಳಿಗೊಮ್ಮೆ ತಪ್ಪದೆ ಕರು ಹಾಕುವ ನಾಟಿ ಹಸು ಬಂಗಾರ. ಹಳ್ಳಿಕಾರ್ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 540 ಕೆ.ಜಿ. ಆಸುಪಾಸು. ಅದರಲ್ಲೇ ಮನೆಗೂ ಆಗಬೇಕು, ಕರುವಿಗೂ ಆಗಬೇಕು. ಆದ್ದರಿಂದ ಎರಡು ಕರುಗಳನ್ನು ಹೋಲಿಸುವಾಗ ಎಚ್ಚರ ಬೇಕು. ಒಂದಕ್ಕೆ ಹಾಲು ಧಾರಾಳ ಬಿಟ್ಟು, ಇನ್ನೊಂದರ ತಾಯಿಯನ್ನು ಪೂರ್ತಿ ಕರೆದಿದ್ದರೆ ಆರು ತಿಂಗಳಲ್ಲಿ ಕಾಣುವ ವ್ಯತ್ಯಾಸ ರಕ್ತದ್ದಲ್ಲ, ಹಾಲಿನದು. ಹಾಲು ಕುಡಿಯುವುದನ್ನು ಬಿಟ್ಟ ಮೇಲೆ ಒಂದೇ ಮೇವಿನಲ್ಲಿ ಯಾವುದು ಬೆಳೆಯುತ್ತದೆ ಎನ್ನುವುದೇ ನಿಜವಾದ ಪರೀಕ್ಷೆ.

ಅದಕ್ಕೆ ತೂಕದ ಯಂತ್ರ ಬೇಕಿಲ್ಲ. ಮುಂಗಾಲಿನ ಹಿಂಭಾಗದಲ್ಲಿ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿಯವರೆಗೆ ಉದ್ದ ಹಿಡಿಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಬರುತ್ತದೆ. ಸುತ್ತಳತೆ 60, ಉದ್ದ 50 ಇಂಚು ಇದ್ದರೆ ಸುಮಾರು 272 ಕೆ.ಜಿ. ಮೂರು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಎತ್ತರ, ಮೈಕಟ್ಟು, ಬೆಳವಣಿಗೆ ತಂದೆ ತಾಯಿಯಿಂದ ಚೆನ್ನಾಗಿಯೇ ಇಳಿದು ಬರುವ ಗುಣಗಳು. ಇವುಗಳ ಅನುವಂಶೀಯತೆ ಸಾಮಾನ್ಯವಾಗಿ 30ರಿಂದ 40% ಇರುತ್ತದೆ. ಗಬ್ಬ ನಿಲ್ಲುವ ಗುಣದ್ದು 10%ರ ಆಸುಪಾಸು ಅಷ್ಟೆ. ಅಂದರೆ ಗಬ್ಬ ನಿಲ್ಲದ ಹಸುವಿಗೆ ಮೊದಲು ಮೇವು, ಖನಿಜ ಮಿಶ್ರಣ, ಜಂತುಹುಳದ ಔಷಧಿ ನೋಡಬೇಕು. ಹೋರಿ ಬದಲಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ಇನ್ನು ಹೋರಿಯ ಮೈ. ನಿಂತ ಹೋರಿ ಎಲ್ಲವೂ ಚೆಂದ. ನೀರು ಹಾಯಿಸಿದ ಹೊಲದ ಬದುವಿನ ಮೇಲೆ ಹತ್ತು ಮಾರು ನಡೆಸಿ, ಹಿಂದಿನಿಂದ ಹೆಜ್ಜೆ ನೋಡಿ. ಮುಂಗಾಲು ಎತ್ತಿದ ಗುರುತಿನ ಮೇಲೆಯೇ ಹಿಂಗಾಲಿನ ಗೊರಸು ಬೀಳಬೇಕು. ಹಿಂಗಾಲು ಆ ಗುರುತಿಗಿಂತ ಹಿಂದೆಯೇ ಬಿದ್ದರೆ ಹೆಜ್ಜೆ ಗಿಡ್ಡ. ಪಕ್ಕಕ್ಕೆ ಜಾರಿದರೆ ಕಾಲಿನ ಕೂಡಿಕೆ ಸೊಟ್ಟ. ಹಿಂಗಾಲಿನ ಕೀಲು ಕುಡುಗೋಲಿನಂತೆ ಬಾಗಿರಬಾರದು, ಕಂಬದಂತೆ ನೆಟ್ಟಗೂ ಇರಬಾರದು. ಹಸುವಿನ ಮೇಲೆ ಹಾರುವಾಗ ಇಡೀ ಭಾರ ಬೀಳುವುದು ಅಲ್ಲೇ, ಮುಂದೆ ಅದರ ಮಕ್ಕಳು ನೊಗ ಎಳೆಯುವುದೂ ಅದೇ ಕಾಲಿನ ಬಲದಿಂದ. ಹೊಟ್ಟೆಯ ಕೆಳಗಿನ ಶಿಶ್ನದ ತೊಗಲು ಮೈಗೆ ಅಂಟಿದಂತಿರಬೇಕು. ಜೋತಾಡಿದರೆ ಮುಳ್ಳು ಗೀರಿ ಕೀವಾಗುತ್ತದೆ.

ವೃಷಣಗಳನ್ನು ಮುಟ್ಟಿ ನೋಡಲು ಸಂಕೋಚ ಬೇಡ. ಎರಡೂ ಇಳಿದಿರಬೇಕು, ಸಮವಾಗಿರಬೇಕು, ಗಟ್ಟಿಯಾಗಿದ್ದೂ ಚೀಲದೊಳಗೆ ಸರಾಗವಾಗಿ ಜಾರಬೇಕು. ಒಂದು ಇಳಿಯದಿದ್ದರೆ ಎಷ್ಟೇ ಚೆಂದದ ಹೋರಿಯಾದರೂ ಬೇಡ, ಆ ದೋಷ ಮಕ್ಕಳಿಗೂ ಬರಬಹುದು. ಒಂದೇ ವಯಸ್ಸಿನ ಹೋರಿಗಳ ವೃಷಣಚೀಲದ ಸುತ್ತಳತೆಯನ್ನು ಟೇಪಿನಿಂದ ಅಳೆದು ಹೋಲಿಸಿ. ದೊಡ್ಡದಿರುವ ಹೋರಿಯ ಹೆಣ್ಣುಮಕ್ಕಳು ಬೇಗ ಬೆದೆಗೆ ಬರುತ್ತವೆ. ಅನುವಂಶೀಯತೆ ಕಡಿಮೆಯಿರುವ ಗಬ್ಬದ ವಿಷಯದಲ್ಲಿ ನಮಗೆ ಸಿಗುವ ಒಳ್ಳೆಯ ಸುಳಿವುಗಳಲ್ಲಿ ಇದೊಂದು. ಹೋರಿಗೆ ಜೋರು ಜ್ವರ ಬಂದಿದ್ದರೆ ಎರಡು ತಿಂಗಳು ಹಸುಗಳಿಗೆ ಬಿಡಬೇಡಿ. ಹೊಸ ವೀರ್ಯ ಬಲಿಯಲು ಅಷ್ಟು ಕಾಲ ಬೇಕು.

ಸ್ವಭಾವವನ್ನೂ ಗಮನಿಸಿ. ಹಳ್ಳಿಕಾರಿಗೆ ಚುರುಕು ಇರಲೇಬೇಕು, ಆದರೆ ಹೆಂಗಸರು ಮಕ್ಕಳು ಹಗ್ಗ ಹಿಡಿಯಲು ಹೆದರುವ ಹೋರಿಯ ವಂಶ ಮನೆಗೆ ಬೇಡ.

ಹೋರಿಯನ್ನು ಊರಿಗೆ ಬಿಡುವ ಮುನ್ನ ಪಶುವೈದ್ಯರಿಂದ ಬ್ರುಸೆಲ್ಲಾ ಮತ್ತು ಕ್ಷಯದ ಪರೀಕ್ಷೆ ಮಾಡಿಸಿ. ಬ್ರುಸೆಲ್ಲಾದಿಂದ ಹಸುಗಳು ಕಂದು ಹಾಕುತ್ತವೆ, ಮನುಷ್ಯರಿಗೂ ಬಿಟ್ಟು ಬಿಟ್ಟು ಜ್ವರ ಬರುತ್ತದೆ. ಇದರ ಲಸಿಕೆ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಮಾತ್ರ, ಹೋರಿಗರುಗಳಿಗೆ ಹಾಕಿಸಬಾರದು.

ಒಂದೇ ಹೋರಿ ಊರಿನಲ್ಲಿ ಐದಾರು ವರ್ಷ ಉಳಿಯುವುದು ಇನ್ನೊಂದು ದೊಡ್ಡ ತೊಂದರೆ. ಅದರ ಮೊದಲ ಹೆಣ್ಣುಗರುಗಳು ಬೆದೆಗೆ ಬರುವ ಹೊತ್ತಿಗೆ, ಅಂದರೆ ಮೂರನೆಯ ವರ್ಷ ತುಂಬುವಷ್ಟರಲ್ಲಿ, ಹೋರಿ ಬದಲಾಗಬೇಕು. ಅಪ್ಪ ಮಗಳ ಕೂಡಿಕೆಯಿಂದ ಹುಟ್ಟುವ ಕರುವಿನಲ್ಲಿ ಒಳಸಂತಾನದ ಪ್ರಮಾಣ 25% ಮುಟ್ಟುತ್ತದೆ. ಕರು ಬಡಕಲಾಗುತ್ತದೆ, ಮುಂದೆ ಗಬ್ಬವೂ ಸರಿಯಾಗಿ ನಿಲ್ಲುವುದಿಲ್ಲ. ಪಕ್ಕದ ಊರಿನವರೊಂದಿಗೆ ಹೋರಿ ಅದಲು ಬದಲು ಮಾಡಿಕೊಂಡರೆ ಖರ್ಚಿಲ್ಲದೆ ಇದು ಬಗೆಹರಿಯುತ್ತದೆ. ಕೃತಕ ಗರ್ಭಧಾರಣೆ ಮಾಡಿಸುವವರು ಹಳ್ಳಿಕಾರ್ ವೀರ್ಯದ ನಳಿಕೆಯನ್ನೇ ಕೇಳಿ, ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನೂ ಹಸುವಿನ ಕಿವಿಯೋಲೆಯ 12 ಅಂಕಿಗಳನ್ನೂ ಒಂದೇ ಪುಟದಲ್ಲಿ ಬರೆದಿಡಿ.

ನಾಲ್ಕಾರು ಮನೆಯವರು ಕೂಡಿ ಮಾಡಬೇಕಾದ ಕೆಲಸವೂ ಒಂದಿದೆ. ಆ ವರ್ಷ ಹುಟ್ಟಿದ ಹೋರಿಗರುಗಳಲ್ಲಿ ಮೇಲಿನ ಪರೀಕ್ಷೆಗಳಲ್ಲಿ ಮುಂದೆ ನಿಂತದ್ದನ್ನು ಗುರುತಿಸಿ, ಎರಡು ಹಲ್ಲು ಬರುವವರೆಗೆ ಅದರ ಬೀಜ ಒಡೆಸಬೇಡಿ. ಸಾಕುವವನಿಗೆ ಮಾರಾಟದ ಲಾಭ ತಪ್ಪುವುದರಿಂದ, ಹಸು ತಂದವರೆಲ್ಲ ಹಾರಿಸಿದ್ದಕ್ಕೆ ಹಣವನ್ನೋ ಹಿಂಡಿ ಬೂಸವನ್ನೋ ಕೊಡುವ ಕರಾರು ಮೊದಲೇ ಆಗಿರಲಿ.